ತೊಳೆಯಬಾರದ ಬಟ್ಟೆ

ಐದು ತಿಂಗಳ ಕೂಸು. ಎತ್ತಿಕೊಂಡರೆ ಒಂದು ಒದ್ದೆ ದುಪ್ಪಟಿಯಷ್ಟೂ ಭಾರ ಇಲ್ಲ. ಅದನ್ನು ಬೆಳಗಿನಿಂದ ಸಂಜೆಯ ತನಕ ಹೊರಗೆ ಇಟ್ಟುಕೊಳ್ಳಬೇಕೆಂದರೆ ಮಾತ್ರ ಅರ್ಧ ಮನೆಯನ್ನು ಹೆಗಲಿಗೆ ಹಾಕಿಕೊಂಡು ಹೊರಡಬೇಕು. ಬಸ್ಸಿನಲ್ಲಿ ಮಗು ಎತ್ತಿಕೊಂಡ ಹೆಂಗಸರ ಚೀಲ ಮೊಣಕಾಲಿಗೆ ತಾಗಿದಾಗ, "ಏನಮ್ಮಾ, ಮನೆ ಖಾಲಿ ಮಾಡ್ತಿದೀರಾ?" ಎಂದು ಅಣಕಿಸಿದ ಬಾಯಿ ಇದು. ಮಾಡಿದ್ದುಣ್ಣೋ ಮಹರಾಯ ಅಂತ ಈಗ ಅದೇ ಚೀಲ ನನ್ನ ಹೆಗಲ ಮೇಲೆ ಕೂತಿದೆ.

ಚೀಲ ತುಂಬುವುದನ್ನು ನನಗೆ ಯಾರೂ ಕಲಿಸಲಿಲ್ಲ, ಪೆಟ್ಟು ತಿಂದು ಕಲಿತೆ. ಮೊದಲ ಸಲ ಹಾಲಿನ ಬಾಟಲಿ ಭದ್ರವಾಗಿರಲಿ ಅಂತ ತಳಕ್ಕೆ ಹಾಕಿದ್ದೆ. ನಡುದಾರಿಯಲ್ಲಿ ಮಗು ಕಿರುಚಲು ಶುರುಮಾಡಿತು. ಬಾಟಲಿ ಎಳೆದರೆ ಅದರ ಜೊತೆ ಲಂಗೋಟಿ, ಕುಲಾವಿ, ಗಿಲಕಿ ಎಲ್ಲ ಬಸ್ಸಿನ ನೆಲಕ್ಕೆ ಬಿದ್ದವು, ಒಬ್ಬ ಮಹಾನುಭಾವ ಬೂಟುಗಾಲಿನಲ್ಲಿ ಅವುಗಳ ಮೇಲೆಯೇ ನಡೆದು ಇಳಿದು ಹೋದ. ಅವತ್ತಿನಿಂದ ನನ್ನದೇ ಒಂದು ಕ್ರಮ. ತಳದಲ್ಲಿ ಹಾಸುವ ರಬ್ಬರ್ ಹಾಳೆ ಮತ್ತು ಬದಲಿ ಬಟ್ಟೆ. ಅದರ ಮೇಲೆ ಲಂಗೋಟಿಗಳು, ಎಷ್ಟು ಅಂತ ಎಣಿಸಬಾರದು, ಎಣಿಸಿದ್ದಕ್ಕಿಂತ ಒಂದು ಹೆಚ್ಚೇ ಬೇಕಾಗುತ್ತದೆ. ಪಕ್ಕದ ಜೇಬಿನಲ್ಲಿ ಕಾಯಿಸಿ ಆರಿಸಿದ ನೀರು, ಒಂದೊಂದು ಹೊತ್ತಿಗೆ ಬೇಕಾದಷ್ಟೇ ಹಾಲಿನ ಪುಡಿ ಹಾಕಿದ ಸಣ್ಣ ಡಬ್ಬಿಗಳು. ಎಲ್ಲಕ್ಕಿಂತ ಮೇಲೆ ಬಾಟಲಿ. ಇಷ್ಟೆಲ್ಲ ನೆನಪಿಟ್ಟುಕೊಂಡವನು ನನ್ನ ಊಟದ ಡಬ್ಬಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ನಮ್ಮದು ಲಾಂಡ್ರಿ. ನಮ್ಮದು ಅಂದರೆ ಮಾವನದು. ನಾನು ಅಲ್ಲಿ ಕೆಲಸಕ್ಕೆ ಸೇರಿ, ಅವರ ಒಬ್ಬಳೇ ಮಗಳನ್ನು ಮದುವೆಯಾಗಿ, ಮನೆಅಳಿಯ ಅನ್ನಿಸಿಕೊಂಡವನು. ಕೆಲಸಗಾರನಾಗಿದ್ದಾಗ ನನ್ನನ್ನು "ಲೋ" ಎನ್ನುತ್ತಿದ್ದವಳು ಮದುವೆಯಾದ ಮೇಲೆ ಬಡ್ತಿ ಕೊಟ್ಟು "ನೀನು" ಎಂದಳು. "ನೀವು" ತನಕ ಬರಲೇ ಇಲ್ಲ. ಮುಂದೆ ಇಸ್ತ್ರಿ ಮೇಜು, ಹಿಂದೆ ತೊಟ್ಟಿ ಮತ್ತು ಯಂತ್ರ, ಮೇಲೆ ನಮ್ಮ ಎರಡು ಕೋಣೆ. ಕಿಟಕಿ ತೆಗೆದರೂ ಮುಚ್ಚಿದರೂ ಸಾಬೂನಿನ ಆವಿ. ಮಾವನಿಗೆ ಬಾಯಿಗಿಂತ ಕೈ ಹೆಚ್ಚು ಓಡುತ್ತದೆ. ಅವರಿಗೆ ಗೊತ್ತಿರುವ ನೇಮ ಒಂದೇ: ಒಳಗೆ ಬಂದ ಬಟ್ಟೆ ತೊಳೆಯದೆ ಹೊರಗೆ ಹೋಗಬಾರದು. ಗಿರಾಕಿ ಬರೀ ಇಸ್ತ್ರಿ ಸಾಕು ಅಂದರೂ ಕಾಲರಿನ ಒಳಗೆ ಇಣುಕಿ, ಮುಖ ಕಿವುಚಿ, ಪುಕ್ಕಟೆ ತೊಳೆದು ಕೊಡುವ ಆಸಾಮಿ.

ಮಗು ಹುಟ್ಟಿದ ಮೇಲೆ ನನ್ನ ಹೆಂಡತಿಗೆ ಜ್ವರ ಬಿಡಲಿಲ್ಲ. ಮೊದಲು ಬಾಣಂತಿ ಜ್ವರ ಅಂದರು. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿಸಿ ಅಂದರು. ಕೊನೆಗೆ ರಕ್ತದ ಕಾಯಿಲೆ ಅಂದರು, ಅಂದವರು ನನ್ನ ಮುಖ ನೋಡದೆ ಪೆನ್ನು ನೋಡುತ್ತಾ ಅಂದರು. ಮದ್ದು ಕೊಟ್ಟರೆ ಮೈಯಲ್ಲಿ ತಡೆಯುವ ಶಕ್ತಿಯೇ ಇರುವುದಿಲ್ಲವಂತೆ, ಯಾರದೋ ನೆಗಡಿಯೂ ಪ್ರಾಣ ತೆಗೆಯಬಹುದಂತೆ. ಒಂದು ತಿಂಗಳೂ ತುಂಬದ ಮಗುವನ್ನು ನನ್ನ ಕೈಗೆ ಕೊಟ್ಟು ಅವಳನ್ನು ಗಾಜಿನ ಹಿಂದೆ ಹಾಕಿದರು. ಮಗುವಿಗೆ ಹೆಸರೂ ಇಟ್ಟಿರಲಿಲ್ಲ. ಅಂಗಿಯ ಜೇಬಿನಲ್ಲಿ ಸಿಗುವ ಗುಂಡಿಯಷ್ಟೇ ಇದ್ದಾಳೆ ಅಂತ ಗುಂಡಿ ಎಂದು ಕರೆದೆವು. ಅಮ್ಮ ಮನೆಗೆ ಬಂದು ಸರಿಯಾದ ಹೆಸರು ಇಡಲಿ ಅಂತ ಹಾಗೇ ಬಿಟ್ಟೆವು.

ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗುತ್ತೇನೆ. ಎರಡು ಬಸ್ಸು ಬದಲಿಸಬೇಕು. ಔಷಧಿಗೆ ಒಂದು ಸಾಲು, ವೈದ್ಯರ ಮಾತು ಕೇಳಲು ಇನ್ನೊಂದು ಸಾಲು, ಅವಳನ್ನು ಗಾಜಿನಾಚೆ ನೋಡುವ ಹೊತ್ತು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಗೋಡೆಗೆ ನೇತುಹಾಕಿದ ಫೋನಿನಲ್ಲಿ ಮಾತಾಡಬೇಕು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗುಂಡಿಯನ್ನು ಗಾಜಿಗೆ ಹಿಡಿದು ತೋರಿಸುತ್ತೇನೆ.

"ಅವಳು ನನ್ನ ನೋಡ್ತಿಲ್ಲ ಕಣೋ. ಟ್ಯೂಬ್‌ಲೈಟ್ ನೋಡ್ತಿದಾಳೆ," ಎಂದಳು ಒಮ್ಮೆ.

"ನಿನ್ನ ಬೋಳು ತಲೆ ಮಿಂಚ್ತಿದೆಯಲ್ಲ, ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ ಅವಳಿಗೆ," ಎಂದೆ. ನಕ್ಕಳು. ಆಮೇಲೆ ಗಾಜಿನ ಮೇಲೆ ಅಂಗೈ ಇಟ್ಟು, "ತಮಾಷೆ ಸಾಕು. ಕೇಳು. ನಾನು ಉಳೀತೀನೋ ಇಲ್ವೋ ಅದು ಆಮೇಲಿನ ಮಾತು. ಇವಳಿಗೆ ನನ್ನ ಗುರುತು ಸಿಗಬೇಕು. ಇವಳೇ ನಮ್ಮಮ್ಮ ಅಂತ ಮೈಗೆ ಗೊತ್ತಾಗ್ಬೇಕು. ಅದೊಂದು ಮಾಡ್ಕೊಡು," ಎಂದಳು. ಇಡೀ ಕಾಯಿಲೆಯಲ್ಲಿ ಅವಳು ಕೇಳಿದ್ದು ಅದೊಂದೇ.

ದಾರಿ ತೋರಿಸಿದವರು ಆ ವಾರ್ಡಿನ ಕನ್ನಡಕ ಹಾಕಿದ ಒಬ್ಬ ಸಿಸ್ಟರ್. ರಾತ್ರಿ ಮಲಗುವಾಗ ಒಂದು ಮೆತ್ತನೆಯ ಹತ್ತಿ ಬಟ್ಟೆಯನ್ನು ಅವಳು ಕುತ್ತಿಗೆಗೆ ಸುತ್ತಿಕೊಳ್ಳಬೇಕು. ನಾನು ಹೋದಾಗ ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿ ಹೊರಗೆ ಕೊಡುತ್ತಾರೆ. ಮಗು ಮಲಗುವಾಗ ಕೆನ್ನೆಯ ಕೆಳಗೆ ಹಾಸಬೇಕು. "ಕಣ್ಣಿಗಿಂತ ಮೂಗು ಚುರುಕು ಈ ಮಕ್ಕಳಿಗೆ. ವಾಸನೆಯಲ್ಲೇ ಅಮ್ಮನ್ನ ಹಿಡೀತವೆ," ಎಂದರು. ಅದರ ಬದಲು ಒಳಗೆ ಕೊಡುವ ಬಟ್ಟೆ ಮಾತ್ರ ಕುದಿಸಿ, ಬಿಸಿ ಇಸ್ತ್ರಿ ಹಾಕಿದ್ದಾಗಿರಬೇಕು. ಆ ಕೆಲಸ ಮಾವನದು. ಮಗಳಿಗೆ ಅಂತ ಅವರು ಆ ಬಟ್ಟೆಯನ್ನು ಒತ್ತುವುದು ನೋಡಿದರೆ ಇಸ್ತ್ರಿಪೆಟ್ಟಿಗೆಗೇ ಕನಿಕರ ಬರಬೇಕು.

ಆದರೆ ಆಸ್ಪತ್ರೆಗೆ ಅವರು ಒಂದು ದಿನವೂ ಬರಲಿಲ್ಲ. ಕರೆದರೆ ಅಂಗಡಿ ಅನ್ನುತ್ತಿದ್ದರು. ಭಾನುವಾರವೂ ಅಂಗಡಿ. ನಾನು ಸಂಜೆ ಬಂದು ಚೀಲವನ್ನೂ ಗುಂಡಿಯನ್ನೂ ಅವರ ಕೈಗೆ ಹಾಕಿ, ಗಾಡಿ ತೆಗೆದುಕೊಂಡು ಮನೆಮನೆಗೆ ಬಟ್ಟೆ ಮುಟ್ಟಿಸಲು ಹೊರಡುತ್ತಿದ್ದೆ. ಮಗುವಿಗೆ ಹಾಲು ಕುಡಿಸಿ, ಲಕೋಟೆಯ ಬಟ್ಟೆ ಹಾಸಿ ಮಲಗಿಸುವುದು ಅವರೇ. ನಾನು ತಿರುಗಿ ಬರುವಾಗ ಗುಂಡಿ ಆ ಬಟ್ಟೆಯಲ್ಲಿ ಮೂಗು ಹುದುಗಿಸಿ ಮಲಗಿರುತ್ತಿದ್ದಳು. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಅವಳ ವಾಸನೆಗೆ ನನ್ನದು ಸೇರಿಬಿಟ್ಟೀತು ಅಂತ ಭಯ. ಮುಖಕ್ಕೆ ಹಿಡಿದರೆ ನಾನೇ ಅತ್ತುಬಿಟ್ಟೇನು ಅಂತ ಇನ್ನೊಂದು ಭಯ.

ಮೊನ್ನೆ ಸಿಸ್ಟರ್ ಫೋನು ಮಾಡಿದರು. ರಕ್ತ ಸ್ವಲ್ಪ ಸುಧಾರಿಸಿದೆ, ಮನೆಗೆ ಕಳಿಸುವಷ್ಟಲ್ಲ, ಆದರೆ ಎರಡು ದಿನ ಗಾಜಿನಿಂದ ಹೊರಗೆ ಬಿಡುತ್ತಾರೆ, ಮಗುವನ್ನು ಎತ್ತಿಕೊಳ್ಳಬಹುದು. ಅದಾದ ಮೇಲೆ ಇನ್ನೂ ಗಟ್ಟಿ ಮದ್ದು ಶುರು. ಎರಡು ದಿನ ಅಂದದ್ದಷ್ಟೇ ನನ್ನ ಕಿವಿಗೆ ಬಿತ್ತು. ಅವತ್ತು ಚೀಲ ತುಂಬಲು ನನ್ನ ಕೈಯೇ ಆಡಲಿಲ್ಲ. ಹಾಕಿದ್ದನ್ನು ತೆಗೆದೆ, ತೆಗೆದದ್ದನ್ನು ಹಾಕಿದೆ. ಇದ್ದುದರಲ್ಲಿ ಚಂದದ ಅಂಗಿ ಅಂತ ಹೂವಿನ ಅಂಗಿ ಹಾಕಿಸಿದೆ, ಬಾಗಿಲು ದಾಟುವ ಮೊದಲೇ ಗುಂಡಿ ಅದರ ಮೇಲೆ ಕಕ್ಕಿದಳು. "ಇವಳಮ್ಮನ ಬುದ್ಧಿಯೇ," ಎಂದು ಬೈದುಕೊಂಡು ಬದಲಾಯಿಸಿದೆ. ಮಾವ ಮೆಟ್ಟಿಲ ಕೆಳಗೆ ನಿಂತು ನೋಡುತ್ತಿದ್ದರು. ಬನ್ನಿ ಅಂದೆ. ಅಂಗಡಿ ಅಂದರು.

ಕೊಟ್ಟದ್ದು ಬೇರೆ ಕೋಣೆ. ಗಾಜಿಲ್ಲ, ಅದರ ಬದಲು ದಪ್ಪ ಬಾಗಿಲು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಆದರೂ ಒಂದು ಕಿಟಕಿ ಇತ್ತು, ಹಸಿರು ಪರದೆ ಇತ್ತು, ಒರಗುವ ಕುರ್ಚಿಯಲ್ಲಿ ಅವಳು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕೂತಿದ್ದಳು. ನಾನು ಕೈ ತೊಳೆದು, ಗುಂಡಿಯನ್ನು ಅವಳ ತೊಡೆಯ ಮೇಲೆ ಇಟ್ಟೆ. ಗುಂಡಿ ಮಾಸ್ಕಿನ ಮೇಲಿನ ಆ ಕಣ್ಣುಗಳನ್ನೇ ನೋಡಿದಳು. ಗಲ್ಲ ಅದುರಿತು. ಆಮೇಲೆ ಕೂಗಿದ ಕೂಗಿಗೆ ಕಾರಿಡಾರಿನ ಆಚೆ ತುದಿಯಿಂದ ಯಾರೋ ಬಂದು ಇಣುಕಿದರು.

ಏನೇನು ಮಾಡಲಿಲ್ಲ ಅವಳು! ಎದೆಗೆ ಒತ್ತಿಕೊಂಡಳು, ಗುನುಗಿದಳು, ಕುತ್ತಿಗೆಯ ಬಟ್ಟೆಯನ್ನೇ ಬಿಚ್ಚಿ ಮಗುವಿನ ಕೆನ್ನೆಗೆ ಹಿಡಿದಳು. ಬಟ್ಟೆ ತಾಗಿದ್ದೇ ಗುಂಡಿ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಇನ್ನೂ ಜೋರು ಮಾಡಿದಳು. ಕೊನೆಗೆ ನಾನು ಎತ್ತಿಕೊಂಡೆ. ನನ್ನ ಅಂಗಿಗೆ ಮೂಗು ತಾಗಿಸಿದ್ದೇ ತಡ, ಸ್ವಿಚ್ ಆರಿಸಿದ ಹಾಗೆ ಸುಮ್ಮನಾದಳು.

"ದಿನಾ ಹಾಸ್ತಿದ್ರಿ ತಾನೆ ಬಟ್ಟೆನ?" ಎಂದಳು.

"ಹಾಸದೆ ಇರ್ತೀವಾ? ನಿಮ್ಮಪ್ಪನೇ ಹಾಸಿ ಮಲಗಿಸ್ತಾರೆ. ಒಂದು ದಿನವೂ ತಪ್ಪಿಸಿಲ್ಲ."

"ಹಾಗಾದ್ರೆ ಗೊತ್ತಿದ್ದೂ ಬೇಡ ಅಂದ್ಲು," ಎಂದಳು. ಅಳಲಿಲ್ಲ. ಅತ್ತಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ. ಬಟ್ಟೆಯನ್ನು ಮಡಿಸಿ ತಾನೇ ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟು, ನಿದ್ದೆ ಬರ್ತಿದೆ ಎಂದು ಗೋಡೆ ಕಡೆ ತಿರುಗಿಕೊಂಡಳು. ಹಾಲಿನ ಡಬ್ಬಿಗಳು ಅರ್ಧಕ್ಕರ್ಧ ಹಾಗೇ ಉಳಿದಿದ್ದವು. ಇಡೀ ದಿನಕ್ಕೆ ಅಂತ ತುಂಬಿಕೊಂಡು ಹೋಗಿದ್ದ ಚೀಲವನ್ನು ಹಾಗೇ ಹೊತ್ತು ಮಧ್ಯಾಹ್ನಕ್ಕೇ ತಿರುಗಿ ಬಂದೆ.

ಚೀಲವನ್ನೂ ಗುಂಡಿಯನ್ನೂ ಮಾವನ ಕೈಗೆ ಹಾಕಿದೆ, ಆದರೆ ಅವತ್ತು ಗಾಡಿ ತೆಗೆಯಲಿಲ್ಲ. ಗಿರಾಕಿಗಳು ಹಾಳಾಗಿ ಹೋಗಲಿ ಅನ್ನಿಸಿತು. ಹಿಂದಿನ ಕೋಣೆಯಲ್ಲಿ ತೊಟ್ಟಿಯ ಪಕ್ಕ, ಒಗೆಯದ ಬಟ್ಟೆಯ ಗಂಟಿಗೆ ಒರಗಿ ಕೂತಿದ್ದೆ. ನಾನು ಅಲ್ಲಿರುವುದು ಮಾವನಿಗೆ ಗೊತ್ತಿರಲಿಲ್ಲ. ಗುಂಡಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು, ಲಕೋಟೆ ತೆರೆದರು, ಬಟ್ಟೆಯನ್ನು ಒಮ್ಮೆ ಮೂಸಿದರು, ಸಾಬೂನು ನೀರಿನ ಬಕೇಟಿಗೆ ಅದ್ದಿದರು.

"ಮಾವ!"

ಅವರ ಕೈ ನೀರಿನಲ್ಲೇ ನಿಂತಿತು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ. ನಾನು ಬಕೇಟನ್ನು ಒದ್ದೆ. ನೀರು ಅಂಗಡಿಯ ಮುಂಭಾಗದ ತನಕ ಹರಿಯಿತು.

"ದಿನಾ ಇದೇ ಮಾಡ್ತಿದ್ರಾ? ದಿನಾನೂ?"

"ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೇ ಹಾಸ್ತಿದ್ದೆ ಕಣಯ್ಯಾ," ಎಂದರು, ಅದೇ ಏನೋ ದೊಡ್ಡ ಉಪಕಾರದಂತೆ.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಅಂದೆ. ನಿಮ್ಮ ಹಾಳು ಮಡಿಯಿಂದ ಮಗಳನ್ನು ಮಗುವಿನ ಮೈಯಿಂದಲೇ ಒಗೆದುಹಾಕಿದಿರಿ ಅಂದೆ. ಅವಳು ಇವತ್ತು ಗೋಡೆ ಕಡೆ ತಿರುಗಿಕೊಂಡದ್ದನ್ನು ಹೇಳಿದೆ. ಗುಂಡಿ ಹೆದರಿ ಅಳತೊಡಗಿದಳು. ಮಾವ ಅವಳ ಬೆನ್ನು ತಟ್ಟುತ್ತಾ, ನಾನು ಸುಸ್ತಾಗುವ ತನಕ ಕಾದರು.

"ಅದರಲ್ಲಿ ಅವಳ ವಾಸನೆ ಇರ್ಲಿಲ್ಲಯ್ಯಾ," ಎಂದರು ಆಮೇಲೆ. "ನಾನು ಅವಳ ಬಟ್ಟೆ ಹುಟ್ಟಿದಾಗಿಂದ ಒಗೆದವನು, ನನಗೆ ಗೊತ್ತಿಲ್ವಾ? ಮೊದಲನೇ ದಿನವೇ ಮೂಸಿ ನೋಡಿದೆ. ಬರೀ ಮದ್ದು. ಅವಳಮ್ಮ ಕೊನೇ ದಿನಗಳಲ್ಲಿ ಹಾಗೇ ನಾರ್ತಿದ್ಲು. ಇದೇ ಅಮ್ಮ ಅಂತ ಈ ಕೂಸು ಕಲಿಯೋದು ಬೇಡ ಅನ್ನಿಸ್ತು. ಅವಳು ಹುಷಾರಾಗಿ ಬರ್ಲಿ, ಆಗ ಸರಿಯಾದ್ದನ್ನೇ ಕಲೀಲಿ ಅಂತ."

"ಬರದೇ ಹೋದ್ರೆ?"

ಅಂದುಬಿಟ್ಟೆ. ಅಷ್ಟು ದಿನ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನದ ಮಾತು. ಮಾವ ಅಲ್ಲೇ ಒದ್ದೆ ನೆಲದ ಮೇಲೆ ಕೂತರು. ಗುಂಡಿ ಅವರ ಅಂಗಿಯಲ್ಲಿ ಮೂಗು ಹುದುಗಿಸಿ ಸುಮ್ಮನಾದಳು. ಗಂಜಿ, ಸಾಬೂನು, ಬಿಸಿ ಬಟ್ಟೆ: ಅವಳಿಗೆ ಗೊತ್ತಿದ್ದ ಅಮ್ಮ ಅಷ್ಟೇ.

"ನಾಳೆ ನಾನೂ ಬರ್ತೀನಿ," ಎಂದರು ಮಾವ.

ಬೆಳಿಗ್ಗೆ ಚೀಲ ತುಂಬುವಾಗ ಪಕ್ಕದಲ್ಲಿ ಬಂದು ನಿಂತರು. ಲಂಗೋಟಿಗಳನ್ನು ಇನ್ನೊಮ್ಮೆ ಒತ್ತಿಕೊಡಲಾ ಅಂದರು. ಬೇಡ ಅಂದೆ. ಹಾಲು ನಾನು ಕಲಸಲಾ ಅಂದರು. ಬೇಡ ಅಂದೆ. ಕೊನೆಗೆ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು, ಅಂಗಡಿಯ ಬಾಗಿಲು ಎಳೆದರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಚೀಲ ಕೆಳಗಿಡದೆ ತೊಡೆಯ ಮೇಲೆ ಅಪ್ಪಿ ಕೂತಿದ್ದರು. ಆಸ್ಪತ್ರೆಯ ಬಾಗಿಲ ಹತ್ತಿರ ಬಂದಾಗ ಅವರು ಒಳಗೆ ಕಾಲಿಡದೆ ನಿಂತುಬಿಟ್ಟರು. ಅಷ್ಟು ಕೋಪ ಇದ್ದರೂ ನನ್ನ ಕೈ ಹೋಗಿ ಅವರ ತೋಳು ಹಿಡಿದುಕೊಂಡಿತು.

ಅಪ್ಪನನ್ನು ಕಂಡು ಅವಳ ಕಣ್ಣು ಅರಳಿತು. "ಅಂಗಡಿ ಸುಟ್ಟುಹೋಯ್ತಾ? ನೀನು ಬಂದಿದೀಯ?" ಎಂದಳು. ಅವರು ನಗಲಿಲ್ಲ. ಕೂದಲಿಲ್ಲದ ಅವಳ ತಲೆಯನ್ನು ನೋಡಿದರು, ನೆಲ ನೋಡಿದರು, ನಿಂತಲ್ಲೇ ಎಲ್ಲ ಹೇಳಿದರು. ಬಚಾವಾಗಲು ಒಂದು ಮಾತೂ ಸೇರಿಸಲಿಲ್ಲ.

ಅವಳು ಮೊದಲು ಹಗುರವಾದಳು, ನಾನು ನೋಡಿದೆ. "ಹಾಗಾದ್ರೆ ಬೇಡ ಅನ್ಲಿಲ್ಲ ಅವಳು. ನಾನು ಯಾರು ಅಂತ್ಲೇ ಗೊತ್ತಿರ್ಲಿಲ್ಲ," ಎಂದಳು. ಆಮೇಲೆ ಉಳಿದದ್ದು ಅರ್ಥವಾಗುತ್ತಾ ಬಂತು.

"ಅಮ್ಮ ಹೋದ ದಿನ ನೀನು ಏನು ಮಾಡ್ದೆ, ನೆನಪಿದೆಯಾ ಅಪ್ಪ?"

ಮಾವ ಹೆಗಲಿನ ಚೀಲವನ್ನು ಕೆಳಗಿಟ್ಟರು.

"ಜನ ಇನ್ನೂ ಹೊರಗೆ ಕೂತಿದ್ರು. ನೀನು ಅಮ್ಮನ ಬಟ್ಟೆ ಎಲ್ಲ ತೊಟ್ಟಿಗೆ ಹಾಕ್ದೆ. ಒಂದು ಬಿಡ್ಲಿಲ್ಲ. ನಾನು ಎಷ್ಟು ವರ್ಷ ಆ ಬೀರುವಿನಲ್ಲಿ ತಲೆ ತೂರಿಸಿ ಹುಡುಕಿದೀನಿ ಗೊತ್ತಾ? ಬರೀ ಸಾಬೂನು. ನಮ್ಮಮ್ಮ ಹೇಗಿದ್ಲು ಅಂತ ಕೇಳಿದ್ರೆ ನನಗೆ ಸಾಬೂನು ನೆನಪಾಗುತ್ತೆ. ಇವಳಿಗೂ ಅದನ್ನೇ ಮಾಡ್ದೆ ನೀನು."

"ನೀನು ಅವಳ ಬಟ್ಟೆ ತಬ್ಕೊಂಡು ಅಳ್ತಿದ್ದೆ ತಾಯಿ," ಎಂದರು ಮಾವ. "ಬಿಡಿಸೋಕೆ ಹೋದ್ರೆ ಕಚ್ತಿದ್ದೆ. ನನಗೆ ನೋಡೋಕಾಗ್ಲಿಲ್ಲ."

"ಅಳೋಕೆ ಬಿಡ್ಬೇಕಿತ್ತು."

ಸಿಟ್ಟಿನಲ್ಲಿ ಅಂದದ್ದಲ್ಲ. ಸುಸ್ತಿನಲ್ಲಿ ಅಂದದ್ದು. ಮಾವ ಗೋಡೆಗೆ ಆನಿಕೊಂಡು ಕೂತು ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅವತ್ತೇ, ಒಂದಿಷ್ಟೂ ಸದ್ದಿಲ್ಲ.

ಅವಳು ನನ್ನ ಕಡೆ ಕೈ ಚಾಚಿದಳು. "ಕೊಡು. ಸಂಜೆ ತನಕ ನನ್ನ ಹತ್ರಾನೇ ಇರ್ಲಿ. ಅತ್ರೆ ಅಳ್ಲಿ. ನೀನು ಎತ್ಕೋಬಾರದು. ಅಪ್ಪ, ನೀನೂನು."

ಗುಂಡಿ ಅತ್ತಳು. ನಿನ್ನೆಗಿಂತ ಜೋರಾಗಿ ಅತ್ತಳು. ಬಾಟಲಿ ಕೊಟ್ಟರೆ ದೂಡಿದಳು, ಗಿಲಕಿ ಅಲ್ಲಾಡಿಸಿದರೆ ಕಣ್ಣು ಮುಚ್ಚಿಕೊಂಡಳು, ನನ್ನನ್ನು ಕಂಡಾಗಲೆಲ್ಲ ಎರಡೂ ಕೈ ಚಾಚಿದಳು. ನಾನು ಅವಳ ಕಣ್ಣಿಗೆ ಬೀಳದಂತೆ ಪರದೆಯ ಹಿಂದೆ ಹೋಗಿ ನಿಂತೆ. ಕನ್ನಡಕದ ಸಿಸ್ಟರ್ ಒಳಗೆ ಬಂದು, "ಸಾಕಮ್ಮ, ನಿಮಗೆ ಆಯಾಸ ಆಗುತ್ತೆ," ಎಂದರು. "ನಾಳೆಯಿಂದ ಆಯಾಸ ಮಾಡ್ಕೊಳ್ಳೋಕೆ ಆಗಲ್ಲವಲ್ಲ ಸಿಸ್ಟರ್," ಎಂದಳು ಇವಳು. ಸಿಸ್ಟರ್ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಮಧ್ಯೆ ವೈದ್ಯರು ನನ್ನನ್ನು ಕಾರಿಡಾರಿಗೆ ಕರೆದು ಗಟ್ಟಿ ಮದ್ದಿನ ವಿಷಯ ಹೇಳಿದರು. ಈ ಸಲದ್ದು ತಡೆದುಕೊಂಡರೆ ನೋಡೋಣ ಎಂದರು. ಮತ್ತೆ ಮಗುವನ್ನು ಎತ್ತಿಕೊಳ್ಳುವುದು ಯಾವಾಗ ಅಂತ ಕೇಳಿದೆ. ನನ್ನ ಭುಜ ತಟ್ಟಿ ಮುಂದಿನ ಕೋಣೆಗೆ ಹೋದರು.

ನಾನು ತಿರುಗಿ ಬಂದಾಗ ಕೋಣೆಯಲ್ಲಿ ಸದ್ದಿರಲಿಲ್ಲ. ನೋಡಿದರೆ ಅವಳು ಕುರ್ಚಿಯಲ್ಲಿ ಒರಗಿದ್ದಳು, ಗುಂಡಿ ಅವಳ ಕುತ್ತಿಗೆಯ ಸಂದಿಯಲ್ಲಿ ಮುಖ ಇಟ್ಟು, ಅತ್ತು ಅತ್ತು ಬಿಕ್ಕುತ್ತಲೇ ನಿದ್ದೆ ಹೋಗಿದ್ದಳು. ಮಗುವಿನ ಬೆವರು, ಸಿಂಬಳ, ಹಾಲು ಎಲ್ಲ ಅವಳ ಎದೆಯ ಮೇಲೆ ಒದ್ದೆಯಾಗಿತ್ತು. ಮಾವ ಒರೆಸಲು ಬಟ್ಟೆ ಹಿಡಿದುಕೊಂಡು ಬಂದವರು ಅರ್ಧ ದಾರಿಯಲ್ಲೇ ನಿಂತರು.

"ನೋಡಿದ್ಯಾ, ಗುರುತು ಹಿಡಿದ್ಲು ನಿನ್ನ," ಎಂದೆ ಪಿಸುಮಾತಿನಲ್ಲಿ.

"ಸುಳ್ಳು ಹೇಳ್ಬೇಡ್ವೋ," ಎಂದಳು. "ಅತ್ತು ಸುಸ್ತಾಗಿ ಮಲಗಿದಾಳೆ ಅಷ್ಟೆ."

ಅವಳು ಮಗುವಿನ ತಲೆಯನ್ನು ಇನ್ನೂ ಸ್ವಲ್ಪ ಒಳಗೆ, ತನ್ನ ಬರಿಯ ಕುತ್ತಿಗೆಗೆ ಒತ್ತಿಕೊಂಡಳು.

"ಇರ್ಲಿ," ಎಂದಳು. "ನಿದ್ದೆಯಲ್ಲೂ ಉಸಿರು ಎಳ್ಕೊಳ್ತಾಳಲ್ಲ."